ಚನ್ನಪಟ್ಟಣದ ಹೆಸರಿನಲ್ಲಿ ಸ್ಟಿಕ್ಕರ್ ಮಾರುತ್ತಿದ್ದಾರೆ, ಹಣ ಕಳುಹಿಸಬೇಡಿ

ಮೊಬೈಲಿನಲ್ಲಿ ಒಂದು ಜಾಹೀರಾತು ಓಡಾಡುತ್ತಿದೆ. ಚನ್ನೆಮಣೆಯ ಆಕಾರದ ಒಣಹಣ್ಣಿನ ತಟ್ಟೆ, ಬುಗುರಿಯಂಥ ಅರಿಶಿನ ಕುಂಕುಮದ ಭರಣಿಗಳು, ಮರದ ಉಂಗುರಗಳು ಎದ್ದು ಕಾಣುವ, ಲೋಟದ ಕೆಳಗಿಡುವ ಬಿಲ್ಲೆಗಳು. ಪ್ರಕೃತಿಯ ವಿನ್ಯಾಸ, ಬಾಲ್ಯದ ಆಟ, ಚನ್ನಪಟ್ಟಣದ ಅಪ್ಪಟ ಕೈಕೆಲಸ ಎಂದು ಬರೆದುಕೊಂಡಿದ್ದಾರೆ. ದಯವಿಟ್ಟು ಕೊಳ್ಳಬೇಡಿ.

ತಂಗಿಯ ಗೃಹಪ್ರವೇಶಕ್ಕೆ ಉಡುಗೊರೆಯೆಂದು ಪೂರ್ತಿ ಸೆಟ್ ಹೇಳಿದ್ದೆ. ಬೆಲೆ ನಾಲ್ಕು ಸಾವಿರದ ಮೇಲೆ, ಎಲ್ಲವೂ ಮುಂಗಡ. ತಡವೇಕೆ ಎಂದು ಕೇಳಿದಾಗಲೆಲ್ಲ ಒಂದೇ ಉತ್ತರ: ‘ಕೈಕೆಲಸ ಮೇಡಂ, ಕುಶಲಕರ್ಮಿಗಳಿಗೆ ಅವಸರ ಮಾಡಬಾರದು.’ ಬಡ ಕೆಲಸಗಾರರನ್ನು ಮುಂದೆ ನಿಲ್ಲಿಸಿದ ಮೇಲೆ ಯಾರು ತಾನೇ ಒತ್ತಾಯಿಸುತ್ತಾರೆ? ಕೊನೆಗೆ ಪಾರ್ಸೆಲ್ ಪೂಜೆಯ ದಿನವೇ ತಂಗಿಯ ಮನೆಗೆ ಬಂತು. ನೆಂಟರೆಲ್ಲ ಸುತ್ತ ಕುಳಿತಿದ್ದಾಗಲೇ ಬಿಚ್ಚಿದರು.

ಮೊದಲು ತಟ್ಟೆ. ಸೋದರತ್ತೆ ಕೈಗೆತ್ತಿಕೊಂಡವರೇ, ‘ಇದೇನೇ, ಸಾಲಿಗೆ ಆರೇ ಗುಳಿ?’ ಎಂದರು. ನಮ್ಮ ಚನ್ನೆಮಣೆಗೆ ಸಾಲಿಗೆ ಏಳು, ಒಟ್ಟು ಹದಿನಾಲ್ಕು. ಹುಣಸೆ ಬೀಜ ಹಿಡಿದು ಒಮ್ಮೆ ಆಡಿದವರಿಗೂ ಅದು ಗೊತ್ತಿರುತ್ತದೆ. ಬಾಲ್ಯದ ಆಟ ಎಂದು ಮಾರುವವರಿಗೆ ಆಟವೇ ಗೊತ್ತಿಲ್ಲ! ಆಮೇಲೆ ಬಿಲ್ಲೆಗಳು. ಆರನ್ನೂ ಮೇಜಿನ ಮೇಲೆ ಹರಡಿದೆವು. ಮೊದಲನೆಯದರಲ್ಲಿ ಅಂಚಿನ ಹತ್ತಿರ ಸಣ್ಣ ಬಿರುಕಿತ್ತು. ಎರಡನೆಯದರಲ್ಲೂ ಅದೇ ಬಿರುಕು, ಅದೇ ಜಾಗದಲ್ಲಿ. ಮೂರನೆಯದರಲ್ಲೂ. ಆರಕ್ಕೆ ಆರೂ ಒಂದೇ ಮರದ ಒಂದೇ ಉಂಗುರ, ಒಂದೇ ಗಂಟು. ಪಕ್ಕದಲ್ಲಿದ್ದ ಹುಡುಗ ಉಗುರಿನಿಂದ ಕೆರೆದಾಗ ಅಂಚು ಎದ್ದು ಬಂತು. ಕಾಗದ! ಕೆಳಗೆ ಮರದ ಪುಡಿಯನ್ನು ಒತ್ತಿ ಮಾಡಿದ ಹಲಗೆ. ಯಾರೂ ಏನೂ ಅನ್ನಲಿಲ್ಲ. ತಂಗಿ ‘ಚೆನ್ನಾಗಿದೆ ಅಕ್ಕ’ ಎಂದು ಬೇಗ ಬೇಗ ಎತ್ತಿಟ್ಟಳು. ಆ ಮಾತು ಕೇಳಿ ನಾನು ನೆಲಕ್ಕಿಳಿದು ಹೋದೆ. ಮರುದಿನ ಭರಣಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಬಟ್ಟೆಯೆಲ್ಲ ಕೆಂಪು.

ಈಗ ಅವರ ಉತ್ತರಗಳನ್ನು ಕೇಳಿ. ಗುಳಿಯ ಲೆಕ್ಕ ಕೇಳಿದ್ದಕ್ಕೆ, ‘ಕೈಕೆಲಸದಲ್ಲಿ ಒಂದರಂತೆ ಇನ್ನೊಂದು ಇರುವುದಿಲ್ಲ ಮೇಡಂ.’ ಹಾಗಾದರೆ ಆರು ಬಿಲ್ಲೆಗಳು ಒಂದೇ ರೀತಿ ಇರುವುದು ಹೇಗೆ ಎಂದರೆ, ‘ಸೆಟ್ ಎಂದ ಮೇಲೆ ಒಂದೇ ರೀತಿ ಇರಬೇಕಲ್ಲವೇ?’ ಬಣ್ಣ ಬಿಟ್ಟಿದ್ದಕ್ಕೆ, ‘ನೈಸರ್ಗಿಕ ಬಣ್ಣ ಬಿಡುತ್ತದೆ, ಅದೇ ಅಸಲಿಯ ಗುರುತು.’ ಅದೇ ಅಸಲಿಯ ಗುರುತಂತೆ! ಹಣ ವಾಪಸ್ ಕೇಳಿದ ಮೇಲೆ, ಮುಂದಿನ ಖರೀದಿಗೆ ಶೇ 10 ರಿಯಾಯಿತಿ ಕೊಡುತ್ತೇವೆ ಎಂದರು. ಆಮೇಲೆ ನನ್ನ ಸಂಖ್ಯೆಯನ್ನೇ ತಡೆಹಿಡಿದರು.

ಬಣ್ಣದ ಮಾತು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕೆರಳಿಸಿದೆ. ಚನ್ನಪಟ್ಟಣದಲ್ಲಿ ಹಾಲೆ ಮರದ ತುಂಡನ್ನು ಯಂತ್ರಕ್ಕೆ ಸಿಕ್ಕಿಸಿ ತಿರುಗಿಸುತ್ತಲೇ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರವನ್ನು ಹಿಡಿದುಕೊಳ್ಳುತ್ತದೆ. ಮೇಲೆ ತಾಳೆಗರಿ ಒತ್ತಿ ಹೊಳಪು ಕೊಡುತ್ತಾರೆ. ಅದು ಕುಂಚದಲ್ಲಿ ಬಳಿದ ಬಣ್ಣವಲ್ಲ, ಒದ್ದೆ ಬಟ್ಟೆಗೆ ಬಿಡುವುದಿಲ್ಲ. ಆ ಊರಿನದೇ ಎಂಬ ಗುರುತಾದ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಪಡೆದ ಕಸುಬು ಅದು. ಈ ಕಳ್ಳರು ನನ್ನ ಹಣವನ್ನಷ್ಟೇ ತಿಂದಿಲ್ಲ, ಆ ಕೆಲಸಗಾರರ ಹೆಸರನ್ನೂ ತಿಂದಿದ್ದಾರೆ. ಇನ್ನು ಅಂದು ಅಲ್ಲಿ ಕುಳಿತಿದ್ದ ನೆಂಟರು ಚನ್ನಪಟ್ಟಣದ ಸಾಮಾನನ್ನು ನಂಬುತ್ತಾರೆಯೇ?

ಕೊಳ್ಳಲೇಬೇಕೆಂದರೆ ಬೆಂಗಳೂರು–ಮೈಸೂರು ಹಳೆಯ ರಸ್ತೆಯಲ್ಲೇ ಚನ್ನಪಟ್ಟಣವಿದೆ, ಇಳಿದು ಕೈಯಲ್ಲಿ ಹಿಡಿದು ನೋಡಿ. ದೂರದಿಂದ ತರಿಸುವವರು ಎಲ್ಲ ಬಿಲ್ಲೆಗಳನ್ನೂ ಒಟ್ಟಿಗೆ ಇಟ್ಟು ತೆಗೆದ ವಿಡಿಯೊ ಕೇಳಿ. ವಿಳಾಸ, ದೂರು ಅಧಿಕಾರಿಯ ಹೆಸರು ಇಲ್ಲದ ಅಂಗಡಿಗೆ ಒಂದು ರೂಪಾಯಿಯನ್ನೂ ಕಳುಹಿಸಬೇಡಿ. 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ಅವನ್ನು ಪ್ರಕಟಿಸಲೇಬೇಕು. ಇವರ ಪುಟದಲ್ಲಿ ಒಂದು ಫೋನ್ ಸಂಖ್ಯೆ ಬಿಟ್ಟರೆ ಏನೂ ಇಲ್ಲ.

ನಾನು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಜಾಹೀರಾತು ನಿನ್ನೆಯೂ ಬಂದಿತ್ತು, ಅದೇ ಚಿತ್ರ, ಬೇರೆ ಅಂಗಡಿಯ ಹೆಸರು. ನೀವೂ ಹಣ ಕಳುಹಿಸಿದ್ದರೆ ಪಾರ್ಸೆಲ್ ಡಬ್ಬಿಯನ್ನು ಎಸೆಯದೆ, ಸಂದೇಶಗಳನ್ನು ಅಳಿಸದೆ ಇಟ್ಟುಕೊಂಡು ಇಂದೇ ದೂರು ಕೊಡಿ.