ಮತ್ತೆ ಮತ್ತೆ ತುಂಬುವ ಕಾಫಿ ಪಾಡ್: ಫಾಯಿಲ್ ಮುಚ್ಚಳವೋ, ಸ್ಟೀಲ್ ಮುಚ್ಚಳವೋ?

ನೆಸ್ಪ್ರೆಸೊ ಒರಿಜಿನಲ್ ಎಂಬ ಕಾಫಿ ಯಂತ್ರಕ್ಕೆ ಹೊಂದುವ, ಪುಡಿ ತುಂಬಿ ಒಳಗಿಡುವ ಪುಟ್ಟ ಬಟ್ಟಲುಗಳಾದ ಮೂರು ಬಗೆಯ ಪಾಡ್‌ಗಳಲ್ಲಿ ಒಂದೇ ಪುಡಿ ಹಾಕಿ ನೋಡಿದ ಹೋಲಿಕೆ ಇದು. ಚಿಕ್ಕಮಗಳೂರಿನ ಅರೇಬಿಕಾ, ಚಿಕೋರಿ ಬೆರೆಯದ್ದು. ಪ್ರತಿ ಸಲವೂ 5.5 ಗ್ರಾಂ ಪುಡಿ, 40 ಮಿ.ಲೀ. ಕಾಫಿ.

ಪ್ಲಾಸ್ಟಿಕ್ ಪಾಡ್ ಅಗ್ಗ, ಅಷ್ಟೇ. ಬಿಸಿ ತಾಗಿ ತಾಗಿ ಅಂಚು ಸೊಟ್ಟಗಾಗುತ್ತದೆ; ನೀರು ಪುಡಿಯೊಳಗೆ ಹಾಯದೆ ಪಕ್ಕದಿಂದ ಜಾರಿ ಕೆಳಗಿನ ಟ್ರೇಗೆ ಹೋಗುತ್ತದೆ. ಕೊಳ್ಳಬೇಡಿ.

ನಿಜವಾದ ಪೈಪೋಟಿ ಫಾಯಿಲ್ (ತೆಳು ಅಲ್ಯೂಮಿನಿಯಂ ಹಾಳೆ) ಅಂಟಿಸುವ ಮತ್ತು ಸ್ಟೀಲ್ ಮುಚ್ಚಳ ಹಾಕುವ ಎರಡು ಬಗೆಯ ಸ್ಟೀಲ್ ಪಾಡ್‌ಗಳದ್ದೇ. ಫಾಯಿಲ್ ಅಂಟಿಸಿದಾಗ ಒಳಗೆ ಒತ್ತಡ ಕೂಡಿಕೊಂಡ ಮೇಲಷ್ಟೇ ಆ ಫಾಯಿಲ್ ಯಂತ್ರದ ಮುಳ್ಳುತಟ್ಟೆಗೆ ಒತ್ತಿ ತೂತಾಗುತ್ತದೆ. ಅಷ್ಟರಲ್ಲಿ ಪುಡಿ ಪೂರ್ತಿ ನೆನೆದಿರುತ್ತದೆ, ಕಾಫಿ ಗಟ್ಟಿಯಾಗಿ ಇಳಿಯುತ್ತದೆ, ಮೇಲೆ ಜೇನುಬಣ್ಣದ ನೊರೆ ಕಟ್ಟುತ್ತದೆ. ಸ್ಟೀಲ್ ಮುಚ್ಚಳದಲ್ಲಿ ತೂತುಗಳು ಮೊದಲೇ ಇರುವುದರಿಂದ ನೀರನ್ನು ತಡೆಯುವ ಕೆಲಸವೆಲ್ಲ ಪುಡಿಯದೇ. ಹಾಗಾಗಿ ಇದಕ್ಕೆ ಒಂದು ಹದ ನುಣ್ಣಗೆ ಬೀಸಿ, ಟ್ಯಾಂಪರ್‌ನಿಂದ (ಪುಡಿ ಅದುಮುವ ಸಾಧನ) ತುಸು ಗಟ್ಟಿಯಾಗಿ ಒತ್ತಬೇಕು. ಫಾಯಿಲ್ ಪಾಡ್‌ಗೆ ಮೆಲ್ಲಗೆ ಸಮ ಮಾಡಿದರೆ ಸಾಕು.

ಹದ ಗೊತ್ತಾಗುವುದು ಗಡಿಯಾರದಲ್ಲಿ. 40 ಮಿ.ಲೀ. ಇಳಿಯಲು 20ರಿಂದ 30 ಸೆಕೆಂಡು ಬೇಕು. ಹತ್ತೇ ಸೆಕೆಂಡಿಗೆ ಮುಗಿದರೆ ಪುಡಿ ತರಿಯಾಯಿತು. ಕಾಫಿ ನೀರುನೀರಾಗಿ ಹುಳಿ ಹೊಡೆಯುತ್ತದೆ. ಹನಿಹನಿಯಾಗಿ ತೊಟ್ಟಿಕ್ಕಿ ಪಂಪು ಗೊರಗೊರ ಎಂದರೆ ತೀರಾ ನುಣುಪಾಯಿತು, ತಕ್ಷಣ ನಿಲ್ಲಿಸಿ.

ತುಂಬಿದ ಮೇಲೆ ಅಂಚನ್ನು ಬೆರಳಿನಿಂದ ಸುತ್ತ ಒರೆಸಿ. ಅಲ್ಲಿ ನಾಲ್ಕು ಕಾಳು ಪುಡಿ ಉಳಿದರೂ ಫಾಯಿಲ್ ಕೂರುವುದಿಲ್ಲ, ಸ್ಟೀಲ್ ಮುಚ್ಚಳದ ರಬ್ಬರ್ ಬಳೆಯೂ ಬಿಗಿಯುವುದಿಲ್ಲ. ಸ್ಟೀಲು ಬಿಸಿಯನ್ನು ಹೀರುವುದರಿಂದ ಪಾಡನ್ನು ಮೊದಲು ಬಿಸಿನೀರಲ್ಲಿ ಅದ್ದಿ, ಚೆನ್ನಾಗಿ ಒರೆಸಿ, ಆಮೇಲೆ ತುಂಬಿ.

ಹಾಲಿಲ್ಲದೆ ಕುಡಿಯುವವರಿಗೆ ಫಾಯಿಲ್ ಪಾಡೇ ಸರಿ, ಪ್ರತಿ ಲೋಟಕ್ಕೊಂದು ಫಾಯಿಲ್ ಖರ್ಚಾದರೂ. ಹಾಲು ಬೆರೆಸುವವರಿಗೆ ಸ್ಟೀಲ್ ಮುಚ್ಚಳ ಸಾಕು; ನೊರೆಯ ವ್ಯತ್ಯಾಸ ಹಾಲಿನಲ್ಲಿ ಕಾಣುವುದಿಲ್ಲ. ಆದರೆ ಒಂದು ಪಾಡಿನ ಕಾಫಿಗೆ 60 ಮಿ.ಲೀ.ಗಿಂತ ಹೆಚ್ಚು ಹಾಲು ಹಾಕಿದರೆ ಸಪ್ಪೆ. ದೊಡ್ಡ ಲೋಟಕ್ಕೆ ಎರಡು ಪಾಡು ಬೇಕೇ ಬೇಕು.

ಚಿಕೋರಿ ಬೆರೆತ ಫಿಲ್ಟರ್ ಪುಡಿಯನ್ನು ಎರಡರಲ್ಲೂ ಹಾಕಬೇಡಿ. ಚಿಕೋರಿ ನೆನೆದು ಅಂಟಾಗಿ ತೂತುಗಳನ್ನು ಕಟ್ಟಿಬಿಡುತ್ತದೆ. ಆ ರುಚಿಯೇ ಬೇಕೆಂದರೆ ಹಿತ್ತಾಳೆ ಫಿಲ್ಟರಿನಲ್ಲೇ ಡಿಕಾಕ್ಷನ್ ಇಳಿಸಿ.