ಗಾಡಿ 9 ದಿನ ನಿಂತಿದ್ದ ವರ್ಕ್‌ಶಾಪ್ ಬಗ್ಗೆ

ದೂರದ ಪ್ರಯಾಣದ ಮಧ್ಯೆ ನನ್ನ ಬೈಕು ಒಂದು ವರ್ಕ್‌ಶಾಪಿನಲ್ಲಿ 9 ದಿನ ನಿಂತಿತ್ತು. ಹೆಸರು ಹಾಕುತ್ತಿಲ್ಲ. ಅದು ಇಬ್ಬರೇ ನಡೆಸುವ ಸಣ್ಣ ಜಾಗ. ನನ್ನದು ಒಂದು ದೂರೂ ಇದೆ, ಅದೊಂದರಿಂದ ಅವರ ಹೊಟ್ಟೆಪಾಡಿಗೆ ಪೆಟ್ಟು ಬೀಳಬಾರದು. ಗಡಿ ದಾಟಿ ತಿಂಗಳುಗಟ್ಟಲೆ ಗಾಡಿ ಓಡಿಸುವವರಿಗೆ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ಶುರುವಿನಲ್ಲಿ ಸೆಲ್ಫ್ ಎತ್ತುತ್ತಿರಲಿಲ್ಲ. ಬಟನ್ ಒತ್ತಿದರೆ ಟಕ್ ಟಕ್ ಶಬ್ದ ಅಷ್ಟೇ. ತಳ್ಳಿ ಸ್ಟಾರ್ಟ್ ಮಾಡಿಕೊಂಡು ಎರಡು ದಿನ ಓಡಿಸಿದೆ, ಹೆಡ್‌ಲೈಟ್ ಮಂಕಾಗುತ್ತಾ ಬಂತು, ಮೂರನೇ ದಿನ ಓಡುತ್ತಿದ್ದ ಇಂಜಿನ್ನೇ ಆಫ್ ಆಯಿತು. ಬ್ಯಾಟರಿ ಹೋಗಿದೆ ಅಂತ ನನ್ನ ಲೆಕ್ಕ. ಹೊಸದು ಹಾಕಿಬಿಡಿ ಅಂತಲೇ ಕೇಳಿದೆ.

ಅವರು ಹಾಕಲಿಲ್ಲ. ಹಾಕಿ ದುಡ್ಡು ತಗೊಂಡು ಕಳಿಸಿದ್ದರೆ ನಾನು ಖುಷಿಯಾಗಿಯೇ ಹೊರಟು, ಮತ್ತೆ ಎಲ್ಲೋ ನಡುದಾರಿಯಲ್ಲಿ ನಿಲ್ಲುತ್ತಿದ್ದೆ. ಹಳೇ ಬ್ಯಾಟರಿಯನ್ನೇ ರಾತ್ರಿಯಿಡೀ ಚಾರ್ಜ್‌ಗೆ ಹಾಕಿದರು. ಬೆಳಿಗ್ಗೆ ಮೀಟರ್ ಇಟ್ಟರೆ 12.7 ವೋಲ್ಟ್, ಸೆಲ್ಫ್ ಹೊಡೆದಾಗಲೂ 10ಕ್ಕಿಂತ ಕೆಳಗೆ ಇಳಿಯಲಿಲ್ಲ. ಅಂದರೆ ಬ್ಯಾಟರಿ ಗಟ್ಟಿಯಾಗಿಯೇ ಇತ್ತು. ಇಂಜಿನ್ ಓಡುವಾಗ ರೇಸ್ ಕೊಟ್ಟರೆ ಅದು 14ರ ಹತ್ತಿರ ಏರಬೇಕು. ಏರಲಿಲ್ಲ, ನಿಧಾನಕ್ಕೆ ಇಳಿಯುತ್ತಾ ಹೋಯಿತು. ಆಮೇಲೆ ಸ್ಟೇಟರಿನಿಂದ, ಅಂದರೆ ಇಂಜಿನ್ ಓಡುವಾಗ ಬ್ಯಾಟರಿಗೆ ಕರೆಂಟ್ ಹುಟ್ಟಿಸುವ ಕಾಯಿಲಿನಿಂದ, ಬರುವ ಮೂರು ವೈರುಗಳಲ್ಲಿ ಎರಡೆರಡರ ಮಧ್ಯೆ ಎಸಿ ವೋಲ್ಟೇಜ್ ನೋಡಿದರು. ಮೂರು ಜೋಡಿಯಲ್ಲೂ ಒಂದೇ ಸಮ ಬರಬೇಕು. ಒಂದು ಜೋಡಿ ಮಾತ್ರ ಸರಿಯಿತ್ತು. ಕೊನೆಗೆ ಇಂಜಿನ್ ನಿಲ್ಲಿಸಿ ವೈರಿಗೂ ಇಂಜಿನ್ ಬಾಡಿಗೂ ಮೀಟರ್ ಇಟ್ಟರೆ ಬೀಪ್ ಅಂತು. ಆ ಬೀಪ್ ಬರಲೇಬಾರದು, ಬಂದರೆ ಕಾಯಿಲಿನ ತಂತಿ ಬಾಡಿಗೆ ತಾಗಿ ಶಾರ್ಟ್ ಆಗಿದೆ ಅಂತ ಅರ್ಥ. ಕವರ್ ಬಿಚ್ಚಿದಾಗ ಕಾಯಿಲ್ ಒಂದು ಕಡೆ ಸುಟ್ಟು ಕರಿಯಾಗಿತ್ತು. ಅವರ ಭಾಷೆ ನನಗೆ ಬರುತ್ತಿರಲಿಲ್ಲ, ನನ್ನದು ಅವರಿಗೆ ಗೊತ್ತಿಲ್ಲ. ಆದರೂ ಪ್ರತಿ ರೀಡಿಂಗನ್ನೂ ನನ್ನ ಕಣ್ಣೆದುರೇ ತೆಗೆದು ಒಂದು ಚೀಟಿಯಲ್ಲಿ ಬರೆಯುತ್ತಾ ಹೋದರು. ಆ ಚೀಟಿ ಈಗಲೂ ನನ್ನ ಹತ್ತಿರ ಇದೆ.

ಹಳೇ ಕಾಯಿಲ್ ಬಿಚ್ಚಿ ರೀವೈಂಡಿಂಗ್, ಅಂದರೆ ಹೊಸ ತಂತಿ ಸುತ್ತಿಸೋದು, ಮಾಡಿಸಿದರೆ ಎರಡು ದಿನ ಸಾಕು, ಹೊಸದು ಬೇಕಂದರೆ ತರಿಸಬೇಕು ಅಂದರು. ಸ್ಟೇಟರ್ ಬಿಸಿ ಆಯಿಲ್ ಎರಚುವ ಜಾಗದಲ್ಲಿ ಕೂತಿರುತ್ತದೆ. ಸುತ್ತುವ ತಂತಿಯ ಮೇಲಿನ ಲೇಪ ಚೆನ್ನಾಗಿಲ್ಲದಿದ್ದರೆ ಮತ್ತೆ ಸುಡುತ್ತದೆ. ಮುಂದೆ ಇದ್ದದ್ದು ಜನರೇ ಸಿಗದ ದಾರಿ. ಹೊಸದೇ ಬರಲಿ ಅಂದೆ.

ನನ್ನ ದೂರು ಇಲ್ಲೇ ಇರೋದು. ಪಾರ್ಟ್ ಆರ್ಡರ್ ಮಾಡುವಾಗ ಬರೀ ಮಾಡೆಲ್ ಹೆಸರು ಕೊಟ್ಟಿದ್ದರು. ಒಂದೇ ಮಾಡೆಲ್ಲು ವರ್ಷದಿಂದ ವರ್ಷಕ್ಕೆ ಒಳಗೆ ಬದಲಾಗಿರುತ್ತದೆ ಅಲ್ವಾ? ನಾಲ್ಕನೇ ದಿನ ಬಂದ ಸ್ಟೇಟರಿನ ಬೋಲ್ಟಿನ ತೂತುಗಳೇ ಬೇರೆ ಕಡೆ ಇದ್ದವು. ಚಾಸಿಸ್ ನಂಬರಿನ 17 ಅಕ್ಷರ, ಅಂಕಿ ಕೊಟ್ಟಿದ್ದರೆ ಹೀಗಾಗುತ್ತಿರಲಿಲ್ಲ. ಅದಕ್ಕಿಂತ ನನಗೆ ಬೇಜಾರಾಗಿದ್ದು, ತಪ್ಪು ಪಾರ್ಟ್ ಬಂದಿದೆ ಅಂತ ಎರಡು ದಿನ ನನಗೆ ಹೇಳಲೇ ಇಲ್ಲ. ನಾಳೆ, ನಾಳೆ ಅಂದರು. ಇಂಥ ಪ್ರಯಾಣದಲ್ಲಿ ಒಂದೊಂದು ದಿನಕ್ಕೂ ಲೆಕ್ಕ ಇರುತ್ತದೆ. ವೀಸಾಗೆ ಒಂದು ತಾರೀಕು, ಗಾಡಿಯನ್ನು ತಾತ್ಕಾಲಿಕವಾಗಿ ಒಳಗೆ ತಂದ ಕಸ್ಟಮ್ಸ್ ಕಾಗದಕ್ಕೆ ಇನ್ನೊಂದು ತಾರೀಕು. ನಾನೊಬ್ಬ ಬಸ್ ಹತ್ತಿ ಆಚೆ ಹೋಗಬಹುದು, ಗಾಡಿ ಅಲ್ಲೇ ಉಳಿದರೆ ಆ ಕಾಗದದ ಜವಾಬ್ದಾರಿ ನನ್ನ ತಲೆ ಮೇಲೇ. ಇನ್ನೂ ನಾಲ್ಕು ದಿನ ಅಂತ ನೇರವಾಗಿ ಹೇಳಿದ್ದರೆ ಕಾಗದದ ಅವಧಿ ಮುಂದೂಡಿಸಲು ಆವತ್ತೇ ಓಡಾಡುತ್ತಿದ್ದೆ. ಈಗ ಯಾವ ಪಾರ್ಟ್ ತರಿಸಿದರೂ ಚಾಸಿಸ್ ನಂಬರ್ ಮತ್ತು ಹಳೇ ಪಾರ್ಟಿನ ಫೋಟೋ ನಾನೇ ಕೊಡುತ್ತೇನೆ, ತೂತು, ವೈರು, ಕನೆಕ್ಟರ್ ಎಲ್ಲ ಕಾಣುವ ಹಾಗೆ.

ಕಾಯುವ ದಿನಗಳಲ್ಲಿ ಅವರು ನನ್ನನ್ನು ಹೊರಗೆ ಕೂರಿಸಲಿಲ್ಲ, ಇದನ್ನು ಹೇಳಲೇಬೇಕು. ಒಂದು ಮೂಲೆ, ಒಂದು ಸ್ಟೂಲು, ಬೇಕಾದ ಸ್ಪ್ಯಾನರ್ ಕೊಟ್ಟರು. ಚೈನ್ ತೊಳೆದೆ, ಏರ್ ಫಿಲ್ಟರ್ ಕ್ಲೀನ್ ಮಾಡಿದೆ, ಸಡಿಲ ಇದ್ದ ಸ್ಪೋಕ್ ಬಿಗಿ ಮಾಡಿದೆ. ಹಿಂದಿನ ಚಕ್ರ ಅಲ್ಲಾಡಿಸಿ ನೋಡಿದಾಗ ಬೇರಿಂಗ್ ಸವೆದಿದ್ದೂ ಗೊತ್ತಾಯಿತು, ಅದನ್ನೂ ಹಾಕಿಸಿದೆ. ಸುಮ್ನೆ ರೂಮಿನಲ್ಲಿ ಮಲಗಿದ್ದರೆ ಆ ದಿನಗಳನ್ನು ಕಳೆಯೋದು ತುಂಬಾ ಕಷ್ಟವಾಗುತ್ತಿತ್ತು. ಬೆಳಿಗ್ಗೆ ನಾನು ಬಾಗಿಲಿಗೆ ಬರುವಷ್ಟರಲ್ಲೇ ಚಿಕ್ಕ ಹುಡುಗ ತಲೆ ಅಲ್ಲಾಡಿಸಿ ಪಾರ್ಟ್ ಬಂದಿಲ್ಲ ಅಂತ ತೋರಿಸುತ್ತಿದ್ದ. ಅವನ ಮುಖದಲ್ಲಿ ನನಗಿಂತ ಜಾಸ್ತಿ ಬೇಸರ ಕಾಣುತ್ತಿತ್ತು.

ಇಂಜಿನ್ ಕವರಿನ ಬೋಲ್ಟುಗಳ ಉದ್ದ ಬೇರೆ ಬೇರೆ ಇರುತ್ತದೆ. ಮೊದಲ ದಿನವೇ ರಟ್ಟಿನ ಮೇಲೆ ಕವರಿನ ಆಕಾರ ಬರೆದು, ಯಾವ ಬೋಲ್ಟ್ ಎಲ್ಲಿಯದೋ ಅಲ್ಲೇ ತೂತು ಮಾಡಿ ಚುಚ್ಚಿಟ್ಟಿದ್ದರು. 9 ದಿನ ಆದರೂ ಒಂದೂ ಕಳೆದಿರಲಿಲ್ಲ, ಒಂದೂ ಅದಲುಬದಲಾಗಲಿಲ್ಲ. ಕವರಿನ ಸಂದಿಯಲ್ಲಿ ಆಯಿಲ್ ಸೋರದಂತೆ ಇಟ್ಟಿದ್ದ ಹಳೇ ಗ್ಯಾಸ್ಕೆಟನ್ನು ಅಲ್ಯೂಮಿನಿಯಂ ಗೀಚದ ಹಾಗೆ ಕೆರೆದು ತೆಗೆಯಲು ಒಂದು ಗಂಟೆ ಹಿಡಿಯಿತು, ಅವಸರ ಮಾಡಲಿಲ್ಲ. ಸ್ಟೇಟರಿನ ಎಸಿಯನ್ನು ಬ್ಯಾಟರಿಗೆ ಬೇಕಾದ ಡಿಸಿ ಮಾಡುವ ರೆಕ್ಟಿಫೈಯರ್ ಚೆಕ್ ಮಾಡಿ, ಬಿಸಿಗೆ ಕರಗಿದ್ದ ಕನೆಕ್ಟರನ್ನೂ ಬದಲಾಯಿಸಿದರು. ಅದನ್ನು ಹಾಗೇ ಬಿಟ್ಟಿದ್ದರೆ ಹೊಸ ಸ್ಟೇಟರ್ ಹಾಕಿಯೂ ಪ್ರಯೋಜನವಿರುತ್ತಿರಲಿಲ್ಲ. 30 ಕಿಲೋಮೀಟರ್ ಓಡಿಸಿಕೊಂಡು ಬಾ ಅಂತ ಕಳಿಸಿ, ಬಿಸಿ ಇಂಜಿನ್ನಿನಲ್ಲೇ ಮತ್ತೆ ಮೀಟರ್ ಇಟ್ಟರು. 14.2.

ಕೆಲಸಕ್ಕೆ 5ಕ್ಕೆ 5, ಪಾರ್ಟ್ ತರಿಸಿದ್ದಕ್ಕೆ 2. ಆ ದಾರಿಯಲ್ಲಿ ಗಾಡಿ ಮತ್ತೆ ಕೈಕೊಟ್ಟರೆ ಅಲ್ಲಿಗೇ ತಳ್ಳಿಕೊಂಡು ಹೋಗುತ್ತೇನೆ, ಆದರೆ ಪಾರ್ಟ್ ನಂಬರ್ ಮೊದಲೇ ನಾನೇ ಬರೆದು ಕೊಡುತ್ತೇನೆ. ಗಾಡಿಯ ಕಾಗದದಲ್ಲಿ ಎರಡು ದಿನ ಬಾಕಿ ಇರುವಾಗ ಗಡಿ ದಾಟಿದೆ. ಅಲ್ಲಿಂದ ಈಚೆ 6,000 ಕಿಲೋಮೀಟರ್ ಆಗಿದೆ, ಬೆಳಿಗ್ಗೆ ಒಂದೇ ಸಲಕ್ಕೆ ಸೆಲ್ಫ್ ಎತ್ತುತ್ತಿದೆ.