4.49 ಛಲೋನೋ 4.50 ಛಲೋನೋ? ಹತ್ತು ಮೀಟರ್ ರೈಫಲ್ಲಿನ ಪೆಲೆಟ್ ಹೋಲಿಕೆ

ಹುಬ್ಬಳ್ಳಿ-ಧಾರವಾಡದಲ್ಲಿ ಮಕ್ಕಳನ್ನು ರೈಫಲ್ ಶೂಟಿಂಗಿಗೆ ಹಚ್ಚಿದ ಮನೆಗಳಲ್ಲಿ ಒಂದು ವಿಚಿತ್ರ ಲೆಕ್ಕ ನಡೆಯುತ್ತದೆ. ರೈಫಲ್ ವಾಲ್ಥರ್ ಇರಲೋ, ಫೈನ್‌ವರ್ಕ್‌ಬಾವ್ ಇರಲೋ, ಸ್ಟೈಯರ್ ಇರಲೋ ಅಂತ ತಿಂಗಳುಗಟ್ಟಲೆ ಚರ್ಚೆ. ಸಾಲ ತೆಗೆದಾದರೂ ತರುತ್ತಾರೆ. ಅದರೊಳಗೆ ಹಾಕುವ ಪೆಲೆಟ್, ಅಂದರೆ ಸೀಸದ ಪುಟ್ಟ ಗುಂಡು, ಮಾತ್ರ ಡೀಲರ್ ಕಳಿಸಿದ ಯಾವುದೋ ಡಬ್ಬಿ. 2022ರಲ್ಲಿ ಹುಬ್ಬಳ್ಳಿಯ ಶ್ರೀಹರ್ಷ ದೇವರಡ್ಡಿ ಫ್ರಾನ್ಸಿನ ಶಾತೊರೂದಲ್ಲಿ ಪ್ಯಾರಾ ವಿಶ್ವಕಪ್ ಚಿನ್ನ ಗೆದ್ದದ್ದೂ ಇದೇ ಹತ್ತು ಮೀಟರ್ ಏರ್ ರೈಫಲ್ಲಿನಲ್ಲಿ. "ಸರ, ಯಾವ ಪೆಲೆಟ್ ಛಲೋರಿ?" ಅಂತ ರೇಂಜಿನಲ್ಲಿ ಕೇಳುವ ಅಪ್ಪ-ಅವ್ವಂದಿರಿಗೆ ನಾನು ಕಂಪನಿ ಹೆಸರು ಹೇಳುವುದಿಲ್ಲ. ಡಬ್ಬಿಗೆ ಅಂಟಿಸಿದ ಸಣ್ಣ ಚೀಟಿ ಓದ್ರಿ ಅಂತೇನೆ. ಅದರ ಮೇಲೆ ಪೆಲೆಟ್ಟಿನ ತಲೆಯ ಅಗಲ 4.49 ಮಿ.ಮೀ. ಅಂತಿದೆಯೋ 4.50 ಅಂತಿದೆಯೋ, ಲಾಟ್ ನಂಬರ್ (ಒಟ್ಟಿಗೆ ತಯಾರಾದ ಕಂತಿನ ಗುರುತು) ಯಾವುದು, ಇವೆರಡೇ ಮೊದಲು ನೋಡಬೇಕಾದದ್ದು. ಕಂಪನಿ ಆಮೇಲೆ. ಒಂದೊಂದೇ ಪೆಲೆಟ್ ತೂಗಿ ಬೇರ್ಪಡಿಸುವ ಉಸಾಬರಿ ಎಲ್ಲಕ್ಕಿಂತ ಕೊನೆಗೆ.

ಹೊರದೇಶದ ಸೆಂಟರ್‌ಫೈರ್ (ಕಿಡಿ ಹೊತ್ತಿಸುವ ಮಸಾಲೆ ಕಾರ್ಟ್ರಿಜ್ಜಿನ ಬುಡದ ನಡುವೆ ಇರುವ) ರೈಫಲ್ಲಿನವರಿಗೆ ಇನ್ನೊಂದು ದಾರಿ ಇದೆ. ಖಾಲಿ ಕಾರ್ಟ್ರಿಜ್ ಇಟ್ಟುಕೊಂಡು ತಮ್ಮ ಬ್ಯಾರಲ್ಲಿಗೆ ಒಗ್ಗುವ ಮದ್ದು ಯಾವುದು, ಎಷ್ಟು, ಗುಂಡು ಯಾವ ತೂಕದ್ದು ಅಂತ ಮನೆಯಲ್ಲೇ ತುಂಬಿ ನೋಡುತ್ತಾರೆ. ನಮ್ಮಲ್ಲಿ ಮದ್ದುಗುಂಡು ತಯಾರಿಸಲು 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನ ಪ್ರಕಾರ ಲೈಸನ್ಸ್ ಬೇಕು, ಹವ್ಯಾಸಕ್ಕೆ ಆಗುವ ಮಾತಲ್ಲ. ಪಾಯಿಂಟ್ ಟೂ ಟೂ ಗುಂಡಿನಲ್ಲಂತೂ ಕಿಡಿ ಹೊತ್ತಿಸುವ ಮಸಾಲೆ ಅಂಚಿನೊಳಗೇ ಇರುತ್ತದೆ, ಒಮ್ಮೆ ಹೊಡೆದ ಮೇಲೆ ಮತ್ತೆ ತುಂಬಲಿಕ್ಕೆ ಬರುವುದಿಲ್ಲ. ಹಾಗಾಗಿ ನಮ್ಮ ಪಾಲಿಗೆ ಸಿಲಿಂಡರಿನ ಗಾಳಿಯೇ ಮದ್ದು, ಪೆಲೆಟ್ಟೇ ಗುಂಡು. ಗಾಳಿಯ ಕೆಲಸ ರೆಗ್ಯುಲೇಟರ್ ನೋಡಿಕೊಳ್ಳುತ್ತದೆ. ಸಿಲಿಂಡರಿನಲ್ಲಿ 200 ಬಾರ್ ಇರಲಿ, 100 ಇರಲಿ, ಪೆಲೆಟ್ ಸೆಕೆಂಡಿಗೆ 170 ಮೀಟರ್ ಆಸುಪಾಸಿನಲ್ಲೇ ಹೊರಬೀಳುತ್ತದೆ. ಅದನ್ನು ಕಾರ್ಖಾನೆ ಕೂಡಿಸಿದ ಹಾಗೆ ಬಿಟ್ಟುಬಿಡುವುದು ಒಳ್ಳೆಯದು. ನಮ್ಮ ಕೈಗೆ ಉಳಿಯುವ ಆಯ್ಕೆ ಪೆಲೆಟ್ ಒಂದೇ.

ಪೆಲೆಟ್ಟಿಗೆ ತಲೆ, ನಡು, ಹಿಂದೆ ಸ್ಕರ್ಟ್ ಇರುತ್ತವೆ. ಗಾಳಿಯ ಒತ್ತಡಕ್ಕೆ ತೆಳ್ಳನೆಯ ಸ್ಕರ್ಟ್ ಹಿಗ್ಗಿ ಬ್ಯಾರಲ್ಲಿನ ಗೀರುಗಳಿಗೆ ಕಚ್ಚಿಕೊಂಡು ಗಾಳಿ ಸೋರದಂತೆ ನೋಡಿಕೊಳ್ಳುತ್ತದೆ. ಗಟ್ಟಿ ತಲೆ ಹಿಗ್ಗುವುದಿಲ್ಲ, ಗೀರುಗಳ ನಡುವಿನ ದಿಬ್ಬಗಳ ಮೇಲೆ ಒರಗಿಕೊಂಡು ಸಾಗುತ್ತದೆ. ತಲೆ ಸ್ವಲ್ಪ ಸಣ್ಣದಾದರೆ ಓಲಾಡುತ್ತ ಹೊರಬೀಳುತ್ತದೆ, ದೊಡ್ಡದಾದರೆ ತಳ್ಳಿಸಿಕೊಂಡು ಹೋಗುವಾಗ ಆಕಾರ ಕೆಡುತ್ತದೆ. ಅದಕ್ಕೇ ಮ್ಯಾಚ್ ಪೆಲೆಟ್‌ಗಳು ಮಿಲಿಮೀಟರಿನ ನೂರನೇ ಒಂದು ಭಾಗದ ವ್ಯತ್ಯಾಸದಲ್ಲಿ 4.48, 4.49, 4.50, 4.51 ಅಂತ ಬರುತ್ತವೆ. ಬ್ಯಾರಲ್‌ಗಳಲ್ಲೂ ಅಷ್ಟೇ ವ್ಯತ್ಯಾಸ ಇರುತ್ತದೆ, ಅದನ್ನು ಮಾತ್ರ ಯಾರೂ ಚೀಟಿಯಲ್ಲಿ ಬರೆದು ಕೊಡುವುದಿಲ್ಲ.

ಹೋಲಿಸಿದ್ದು ಹೀಗೆ. ಭುಜಕ್ಕೆ ಆನಿಸಿ ಹೊಡೆದರೆ ನಮ್ಮ ಉಸಿರು, ನಾಡಿ ಎಲ್ಲ ಗ್ರೂಪಿನೊಳಗೆ, ಅಂದರೆ ಬಿದ್ದ ತೂತುಗಳ ಗುಂಪಿನೊಳಗೆ, ಸೇರಿಕೊಳ್ಳುತ್ತವೆ. ಆದ್ದರಿಂದ ಸ್ಟಾಕ್ (ಭುಜಕ್ಕೆ ಆನಿಸುವ ಹಿಡಿಭಾಗ) ಬಿಚ್ಚಿ ರೈಫಲ್ಲಿನ ಲೋಹದ ಭಾಗವನ್ನು ಗೋಕುಲ ರೋಡಿನ ವರ್ಕ್‌ಶಾಪಿನಿಂದ ತಂದ ಭಾರದ ವೈಸಿಗೆ ಚರ್ಮದ ತುಂಡು ಕೊಟ್ಟು ಬಿಗಿದೆ. ಪ್ರತಿ ಪೆಲೆಟ್ಟಿಗೂ ಮೊದಲಿನ ಕೆಲವು ಹೊಡೆತ ಲೆಕ್ಕಕ್ಕಿಲ್ಲ. ಹಿಂದಿನ ಪೆಲೆಟ್ ಬಿಟ್ಟುಹೋದ ಸೀಸದ ಪದರು ಅಳಿದು ಹೊಸದು ಕೂರುವ ತನಕ ಗ್ರೂಪ್ ಅಲೆದಾಡುತ್ತದೆ. ಆಮೇಲೆ ಹತ್ತು ಹತ್ತು ಹೊಡೆತದ ಗ್ರೂಪ್. ಅಂಚಿನಿಂದ ಅಂಚಿಗೆ ವರ್ನಿಯರಿನಿಂದ ಅಳೆದು 4.5 ಮಿ.ಮೀ. ಕಳೆದರೆ ಪೆಲೆಟ್‌ಗಳ ನಡುವಿನ ನಿಜವಾದ ಹರಡು ಸಿಗುತ್ತದೆ. ಐದು ಹೊಡೆತದ ಗ್ರೂಪನ್ನು ನಂಬಲೇಬಾರದು. ಕೆಟ್ಟ ಪೆಲೆಟ್ಟಿನಿಂದಲೂ ಐದು ತೂತು ಒಂದೇ ಕಡೆ ಬೀಳುವ ಅದೃಷ್ಟ ಆಗಾಗ ಬರುತ್ತದೆ, ಅದರ ಫೋಟೋ ಮಾತ್ರ ವಾಟ್ಸಾಪಿನಲ್ಲಿ ಓಡಾಡುತ್ತದೆ.

ಮೊದಲಿಗೆ ಜರ್ಮನಿಯ ಹಾನ್ ಮ್ಯುಂಡೆನ್ ಊರಿನ ಎಚ್ ಅಂಡ್ ಎನ್ ಕಂಪನಿಯ ಫಿನಾಲೆ ಮ್ಯಾಚ್, 0.53 ಗ್ರಾಮಿನ ರೈಫಲ್ ಪೆಲೆಟ್. ನನ್ನ ಬ್ಯಾರಲ್ಲಿನಲ್ಲಿ 4.49 ತಲೆಯದು ಒಂದೂವರೆ ಮಿ.ಮೀ. ಒಳಗೆ ಹರಡಿತು, 4.50 ಅದಕ್ಕಿಂತ ಸ್ವಲ್ಪ ಅಗಲ, 4.51 ಎರಡೂ ಮೀರಿ. ಕಂಪನಿ ಒಂದು, ತೂಕ ಒಂದು, ಬೆಲೆ ಒಂದು, ಆದರೂ ಚೀಟಿಯ ಅಂಕಿ ಬದಲಾದಂತೆ ಗ್ರೂಪ್ ಬದಲಾಯಿತು. ಇದೇ ಮಾದರಿಯ ರೈಫಲ್ ಇರುವ ಗೆಳೆಯರೊಬ್ಬರ ಮಗಳದ್ದನ್ನೂ ಅದೇ ವೈಸಿಗೆ ಹಾಕಿದೆವು. ಅಲ್ಲಿ 4.50 ಗೆದ್ದಿತು, 4.49 ಹಿಂದೆ ಬಿತ್ತು. ಹಾಗಾಗಿ ನನ್ನ ಅಂಕಿ ನೋಡಿ ನೀವು 4.49 ತರಿಸಿದರೆ ಅರ್ಥವಿಲ್ಲ.

ಎರಡನೆಯದು ಜರ್ಮನಿಯದೇ ಆರ್‌ಡಬ್ಲ್ಯೂಎಸ್ ಕಂಪನಿಯ ಆರ್10 ಮ್ಯಾಚ್, ಅದೂ 0.53 ಗ್ರಾಮು, 4.50 ತಲೆ. ಫಿನಾಲೆಯ 4.50 ನನ್ನ ಬ್ಯಾರಲ್ಲಿಗೆ ಅಷ್ಟು ಒಗ್ಗಿರಲಿಲ್ಲ, ಇದು ಫಿನಾಲೆಯ 4.49ರ ಸಮಕ್ಕೆ ನಿಂತಿತು. ಅಂದರೆ ಒಂದು ಕಂಪನಿಯ 4.50 ಮತ್ತೊಂದು ಕಂಪನಿಯ 4.50ರಂತೆಯೇ ಕೂರಬೇಕೆಂದೇನಿಲ್ಲ. ತಲೆಯ ಅಂಚಿನ ಆಕಾರ, ಸೀಸದ ಮೆದು, ಸ್ಕರ್ಟಿನ ದಪ್ಪ ಇವೂ ಲೆಕ್ಕಕ್ಕೆ ಬರುತ್ತವೆ. ಇದೇ ಕಂಪನಿಯ ಮೈಸ್ಟರ್‌ಕೂಗೆಲ್ನ್ ಇನ್ನೂ ಅಗ್ಗ. ವೈಸಿನಲ್ಲಿ ಆರ್10ಗಿಂತ ಒಂದು ಕೂದಲೆಳೆ ಅಗಲವಾಯಿತು, ಕೈಯಲ್ಲಿ ಹಿಡಿದು ಹೊಡೆದಾಗ ನನಗೆ ಎರಡಕ್ಕೂ ಭೇದ ಕಾಣಲಿಲ್ಲ. ದಿನದ ಅಭ್ಯಾಸಕ್ಕೆ ನಾನು ಬಳಸುವುದು ಇದನ್ನೇ. ಮೂರನೆಯದಾದ ಚೀನಾದ ಕ್ಯುವೈಎಸ್ ಪೆಲೆಟ್ ಚೆನ್ನಾಗಿಯೇ ಹೊಡೆಯಿತು, ಆದರೆ ನನಗೆ ಸಿಕ್ಕದ್ದು ಒಂದೇ ಲಾಟು. ಅಷ್ಟರ ಮೇಲೆ ತೀರ್ಪು ಕೊಡಲಾರೆ.

ನಾಲ್ಕನೆಯದು ಅಗ್ಗದ ದೇಸಿ ಡಬ್ಬಿ, ಹೆಸರು ಬೇಡ. ಚೀಟಿಯಲ್ಲಿ ತಲೆಯ ಅಳತೆಯೂ ಇಲ್ಲ, ಲಾಟೂ ಇಲ್ಲ. ಡಬ್ಬಿ ತೆಗೆದಾಗಲೇ ಕೆಲವು ಸ್ಕರ್ಟುಗಳು ಜಜ್ಜಿದ್ದವು. ಕೆಲವು ಪೆಲೆಟ್ ಬೆರಳಿನಿಂದ ಒತ್ತಿದರೆ ಸುಳ್ಳನೆ ಒಳಗೆ ಹೋಗುತ್ತಿದ್ದವು, ಕೆಲವನ್ನು ತಳ್ಳಬೇಕಾಗುತ್ತಿತ್ತು. ಹತ್ತರಲ್ಲಿ ಏಳೆಂಟು ಒಂದು ಕಡೆ ಬಿದ್ದರೆ ಉಳಿದವು ಬೇರೆ ಹೊಲದಲ್ಲಿ. ಸಿದ್ಧಾರೂಢರ ಜಾತ್ರೆಯಲ್ಲಿ ಬಲೂನ್ ಹೊಡೆಯಲಿಕ್ಕೆ ಸಾಕು.

ಈ ವ್ಯತ್ಯಾಸ ಅಂಕಗಳಲ್ಲಿ ಎಷ್ಟಾಗುತ್ತದೆ ಅಂತ ಲೆಕ್ಕ ಹಾಕದೆ ಚರ್ಚೆ ಮಾಡುವುದರಿಂದಲೇ ಇಲ್ಲಿ ಮೂಢನಂಬಿಕೆ ಹುಟ್ಟುವುದು. ಹತ್ತು ಮೀಟರ್ ಟಾರ್ಗೆಟ್ಟಿನ ನಡುವಿನ ಹತ್ತು ಅನ್ನುವುದು ಅರ್ಧ ಮಿ.ಮೀ.ನ ಚುಕ್ಕೆ. ದಶಾಂಶ ಲೆಕ್ಕದಲ್ಲಿ ಒಂದು ಹೊಡೆತಕ್ಕೆ ಹೆಚ್ಚೆಂದರೆ 10.9, ಪೆಲೆಟ್ಟಿನ ಕೇಂದ್ರ ಗುರಿಯಿಂದ ಪ್ರತಿ ಕಾಲು ಮಿ.ಮೀ. ಸರಿದರೆ 0.1 ಅಂಕ ಹೋಗುತ್ತದೆ. 60 ಹೊಡೆತಕ್ಕೆ 597ರ ಆಸುಪಾಸು ಹೊಡೆಯುವ ಹುಡುಗನ ಪೆಲೆಟ್ ಸರಾಸರಿ ಎರಡೂವರೆ ಮಿ.ಮೀ. ದೂರ ಬೀಳುತ್ತದೆ ಅಂತಾಯಿತು. ಪೆಲೆಟ್ಟಿನ ಸ್ವಂತ ಹರಡು ಅದಕ್ಕೆ ನೇರವಾಗಿ ಕೂಡುವುದಿಲ್ಲ, ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆಯಬೇಕು. ಪೆಲೆಟ್ ತನ್ನದೇ ಅರ್ಧ ಮಿ.ಮೀ. ಸೇರಿಸಿದರೆ 2.5 ಆಗಿದ್ದದ್ದು 2.55 ಆಗುತ್ತದೆ. ಇಡೀ ಮ್ಯಾಚಿಗೆ ಒಂದು ಅಂಕದ ಚಿಲ್ಲರೆ ನಷ್ಟ. ಅದೇ 627 ಹೊಡೆಯುವವರಿಗೆ ಸರಾಸರಿ ದೂರ 1.25 ಮಿ.ಮೀ. ಇರುತ್ತದೆ, ಅದೇ ಪೆಲೆಟ್ಟಿನಿಂದ ಎರಡು ಅಂಕಕ್ಕಿಂತ ಹೆಚ್ಚು ಹೋಗುತ್ತದೆ. ಆ ಮಟ್ಟದಲ್ಲಿ ಎರಡು ಅಂಕ ಅಂದರೆ ಫೈನಲ್ಲಿನ ಎಂಟು ಜನರೊಳಗೆ ಬರುವುದೋ ಮನೆಗೆ ಹೋಗುವುದೋ ಅನ್ನುವ ಪ್ರಶ್ನೆ. ಇನ್ನು ಒಂದೂವರೆ ಮಿ.ಮೀ. ಸೇರಿಸುವ ಹಾಳು ಪೆಲೆಟ್ಟನ್ನು ಆ 597ರ ಹುಡುಗನಿಗೆ ಕೊಟ್ಟರೆ ಹತ್ತು ಅಂಕ ಹಾರಿಹೋಗುತ್ತವೆ.

ಅಂದರೆ ಕೆಟ್ಟದ್ದನ್ನು ಬಿಟ್ಟು ಒಳ್ಳೆಯದಕ್ಕೆ ಬರುವುದು ಎಲ್ಲರಿಗೂ ಲಾಭ. ಒಳ್ಳೆಯದನ್ನು ಬಿಟ್ಟು ಇನ್ನೂ ಒಳ್ಳೆಯದಕ್ಕೆ ದುಡ್ಡು ಸುರಿಯುವುದು 620 ದಾಟಿದವರ ಚಿಂತೆ. ಶಾಲೆಯ ಹುಡುಗರಿಗೆ ಒಂದೊಂದು ಪೆಲೆಟ್ ಬೇರೆ ಬೇರೆ ಗೂಡಿನಲ್ಲಿ ಕೂರಿಸಿದ ದುಬಾರಿ ಪೊಟ್ಟಣ ಕೊಡಿಸುವ ಅಪ್ಪಂದಿರನ್ನು ಕಂಡಾಗ, ಆ ದುಡ್ಡಿನಲ್ಲಿ ಒಂದು ಒಳ್ಳೆ ಶೂಟಿಂಗ್ ಜಾಕೆಟ್ ಬರುತ್ತಿತ್ತಲ್ಲ ಅನ್ನಿಸುತ್ತದೆ.

ತೂಗುವ ವಿಚಾರಕ್ಕೆ ಬರೋಣ. ದುರ್ಗದಬೈಲ್ ಹತ್ತಿರ ಪರಿಚಯದ ಸರಾಫರೊಬ್ಬರ ಅಂಗಡಿಯಲ್ಲಿ ಮಿಲಿಗ್ರಾಮ್ ತೋರಿಸುವ ತಕ್ಕಡಿ ಇದೆ. ಡಬ್ಬಿಗಳನ್ನು ತೆಗೆದುಕೊಂಡು ಹೋದಾಗ "ಏನ್ರಿ, ಸೀಸಾ ತೂಗಾಕ ನಮ್ಮ ಬಂಗಾರದ ತಕ್ಕಡೀನ ಬೇಕೇನ್ರಿ?" ಅಂತ ನಕ್ಕರು, ಚಹಾ ಹೇಳಿ ಜಾಗ ಬಿಟ್ಟುಕೊಟ್ಟರು. ಜರ್ಮನ್ ಡಬ್ಬಿಯ ಪೆಲೆಟ್‌ಗಳ ನಡುವೆ ಶೇಕಡಾ ಒಂದರ ಆಚೀಚೆ ವ್ಯತ್ಯಾಸ. ಹತ್ತು ಮೀಟರ್ ದಾಟಲು ಪೆಲೆಟ್ಟಿಗೆ ಸುಮಾರು 0.06 ಸೆಕೆಂಡು ಬೇಕು, ಅಷ್ಟರಲ್ಲಿ ಅದು ಹದಿನೇಳು ಮಿ.ಮೀ. ಕೆಳಗೆ ಬೀಳುತ್ತದೆ. ಗಾಳಿಯ ಶಕ್ತಿ ಅಷ್ಟೇ ಇದ್ದರೆ ತೂಕ ಶೇಕಡಾ ಒಂದು ಹೆಚ್ಚಾದಾಗ ಈ ಬೀಳುವಿಕೆಯೂ ಶೇಕಡಾ ಒಂದು ಹೆಚ್ಚು, ಅಂದರೆ 0.17 ಮಿ.ಮೀ. ಒಂದು ದಶಾಂಶಕ್ಕೂ ಸಾಲದು. ತೂಗಿ ಬೇರ್ಪಡಿಸಿದ ಪೆಲೆಟ್‌ಗಳನ್ನು ವೈಸಿನಲ್ಲಿ ಹೊಡೆದಾಗಲೂ ಗ್ರೂಪ್ ಸಣ್ಣದಾಗಲಿಲ್ಲ. ದೇಸಿ ಡಬ್ಬಿಯಲ್ಲಿ ಮಾತ್ರ ಶೇಕಡಾ ಐದರಷ್ಟು ಏರುಪೇರು. ಅದು ಮೇಲೆ ಕೆಳಗೆ ಸುಮಾರು 0.9 ಮಿ.ಮೀ. ತೂಗಿ ಹಗುರದವು ಭಾರದವು ತೆಗೆದ ಮೇಲೆ ಆ ಡಬ್ಬಿ ಎದ್ದು ಕಾಣುವಷ್ಟು ಸುಧಾರಿಸಿತು. ಆದರೆ ಅಷ್ಟು ಹೊತ್ತು ಸರಾಫರ ಅಂಗಡಿಯಲ್ಲಿ ಕೂತು ಡಬ್ಬಿಯ ಗಣನೀಯ ಭಾಗ ಎಸೆದ ಮೇಲೆ ಅಗ್ಗ ಅನ್ನುವ ಮಾತೇ ಉಳಿಯುವುದಿಲ್ಲ.

ಹಗುರದ್ದೋ ಭಾರದ್ದೋ ಅನ್ನುವುದೂ ಆಗಾಗ ಬರುವ ಪ್ರಶ್ನೆ. 0.45 ಗ್ರಾಮಿನವು ಪಿಸ್ತೂಲಿಗೆ ಅಂತ ಮಾಡಿದವು, ಅಲ್ಲಿ ಗಾಳಿಯ ಶಕ್ತಿಯೇ ಕಡಿಮೆ. ರೈಫಲ್ಲಿನಲ್ಲಿ ಅವು ಬೇಗ ಹೊರಬೀಳುತ್ತವೆ, ಗುರಿ ಸ್ವಲ್ಪ ಮೇಲಕ್ಕೆ ಹೋಗುತ್ತದೆ, ಗ್ರೂಪ್ ನನಗಂತೂ ಅಗಲವಾಯಿತು. ರೈಫಲ್ಲಿಗೆ 0.53 ಸಾಕು.

ಚಪ್ಪಟೆ ತಲೆಯೋ ಗುಂಡು ತಲೆಯೋ? ಹತ್ತು ಮೀಟರಿಗೆ ಚಪ್ಪಟೆಯೇ. ಕಾಗದದಲ್ಲಿ ಪಂಚ್ ಹೊಡೆದಂತೆ ಸ್ವಚ್ಛ ತೂತು ಬೀಳುತ್ತದೆ, ಅಂಕ ಎಣಿಸುವಾಗ ಜಗಳ ಇಲ್ಲ. ಇಪ್ಪತ್ತೈದು ಮೀಟರ್ ದಾಟಿದರೆ ಚಪ್ಪಟೆ ತಲೆ ಗಾಳಿಗೆ ಬೇಗ ಸೋಲುತ್ತದೆ. ಹೊಲದಲ್ಲಿ ಡಬ್ಬಿ ಇಟ್ಟು ಹೊಡೆಯುವವರಿಗೆ ಚೆಕ್ ದೇಶದ ಜೆಎಸ್‌ಬಿಯ ಎಕ್ಸಾಕ್ಟ್‌ನಂಥ ಗುಂಡು ತಲೆಯದು ಬೇಕು. ಸ್ಪ್ರಿಂಗ್ ರೈಫಲ್ ಇದ್ದವರ ಲೆಕ್ಕ ಇನ್ನೂ ಬೇರೆ. ಅಲ್ಲಿ ಭಾರದ ಪಿಸ್ಟನ್ ಮುಂದೆ ನುಗ್ಗಿ ಗಾಳಿ ಒತ್ತುತ್ತದೆ. ಪೆಲೆಟ್ ತೀರ ಹಗುರವಾದರೆ ಪಿಸ್ಟನ್ನಿಗೆ ತಡೆ ಸಿಗದೆ ಕೊನೆಗೆ ಬಡಿದು ಸೀಲ್ ಹಾಳಾಗುತ್ತದೆ, ತೀರ ಭಾರವಾದರೆ ಪಿಸ್ಟನ್ ಹಿಂದಕ್ಕೆ ಪುಟಿಯುತ್ತದೆ. ಪೆಲೆಟ್ಟಿಗೆ ಮಷಿನ್ ಎಣ್ಣೆ ಸವರಿ ಹಾಕುವ ಚಾಳಿಯನ್ನು ಇಂಥ ರೈಫಲ್ಲಿನಲ್ಲಿ ಬಿಡಲೇಬೇಕು. ಒತ್ತಿದ ಬಿಸಿ ಗಾಳಿಗೆ ಆ ಎಣ್ಣೆ ಹೊತ್ತಿಕೊಂಡು ಪ್ರತಿ ಹೊಡೆತದ ವೇಗ ಒಂದೊಂದು ತರಹ ಆಗುತ್ತದೆ.

ಸೀಸ ಸೀಸವೇ. ಹುಡುಗರು ಪೆಲೆಟ್ ತುಟಿಯಲ್ಲಿ ಕಚ್ಚಿಕೊಂಡು ನಿಲ್ಲುವುದನ್ನು ಕಂಡಾಗಲೆಲ್ಲ ಬೈಯುತ್ತೇನೆ. ಅಭ್ಯಾಸ ಮುಗಿಸಿ ಕೈ ತೊಳೆಯದೆ ಗಿರ್ಮಿಟ್ಟಿಗೆ ಕೈ ಹಾಕುವವರಿಗೂ ಅದೇ ಬೈಗುಳ. ಧಾರವಾಡದ ಮಳೆಗಾಲದಲ್ಲಿ ತೆರೆದಿಟ್ಟ ಡಬ್ಬಿಯ ಪೆಲೆಟ್‌ಗೆ ಬೂದಿಯಂಥ ಬಿಳಿ ಪುಡಿ ಹತ್ತುತ್ತದೆ. ಅದು ಕೈಗೆ ಅಂಟಿದರೆ ಹೊಟ್ಟೆಗೆ ಹೋಗಲು ತಡವಿಲ್ಲ, ಬ್ಯಾರಲ್ಲಿಗೂ ಒಳ್ಳೆಯದಲ್ಲ. ಗಾಳಿಯಾಡದ ಡಬ್ಬಿಯಲ್ಲಿ ಒಂದು ಸಿಲಿಕಾ ಪೊಟ್ಟಣ ಹಾಕಿಟ್ಟರೆ ಆಯಿತು.

ಕೊಳ್ಳುವ ಕ್ರಮ ನನ್ನ ಮಟ್ಟಿಗೆ ಈಗ ಗಟ್ಟಿಯಾಗಿದೆ. ಒಬ್ಬೊಬ್ಬರೇ ಎಲ್ಲ ಅಳತೆಯ ಡಬ್ಬಿ ತರಿಸುವುದು ದುಬಾರಿ, ಒಂದು ಡಬ್ಬಿಯಲ್ಲಿ 500 ಇರುತ್ತವೆ. ರೇಂಜಿನ ನಾಲ್ಕೈದು ಮನೆಯವರು ಪಟ್ಟಿ ಹಾಕಿಕೊಂಡು 4.49, 4.50, 4.51 ಒಂದೊಂದು ಡಬ್ಬಿ ತರಿಸಿ, ಎಲ್ಲರ ರೈಫಲ್ಲನ್ನೂ ಒಂದೇ ವೈಸಿಗೆ ಹಾಕಿ ನೋಡಬೇಕು. ಯಾರಿಗೆ ಯಾವುದು ಒಗ್ಗಿತೋ ಅದರ ಲಾಟ್ ನಂಬರ್ ಬರೆದುಕೊಂಡು ಅದೇ ಲಾಟಿನದು ಬೇಕೆಂದು ಡೀಲರಿಗೆ ಹೇಳಬೇಕು. "ಎಲ್ಲಾ ಒಂದೇರಿ ಸರ" ಅನ್ನುವ ಡೀಲರನ್ನು ಬಿಟ್ಟು ಮುಂದಿನವರನ್ನು ಕೇಳಬೇಕು. ಸೀಸದ ತಂತಿ, ಅಚ್ಚಿನ ಸವೆತ, ಎಲ್ಲ ಲಾಟಿನಿಂದ ಲಾಟಿಗೆ ಬದಲಾಗುತ್ತವೆ. ದೊಡ್ಡ ಶೂಟರ್‌ಗಳು ರೈಫಲ್ ಹೊತ್ತುಕೊಂಡು ಜರ್ಮನಿಯ ಕಾರ್ಖಾನೆಗೇ ಹೋಗಿ ಲಾಟ್ ಆರಿಸಿ ತರುವುದು ಅದಕ್ಕೇ. ನಮ್ಮಂಥವರು ಕೊನೆಯ ಎರಡು ಡಬ್ಬಿ ಉಳಿದಾಗಲೇ ಹೊಸ ಲಾಟಿನ ಒಂದು ಡಬ್ಬಿ ತರಿಸಿ, ಹಳೆಯದರ ಜೊತೆಗೇ ವೈಸಿನಲ್ಲಿ ಹೊಡೆದು ನೋಡಬೇಕು. ಹಳೆಯದು ಪೂರ್ತಿ ಖಾಲಿಯಾದ ಮೇಲೆ ಹೊಸದನ್ನು ಯಾವುದರ ಜೊತೆಗೂ ಹೋಲಿಸಲಿಕ್ಕೆ ಬರುವುದಿಲ್ಲ.